ಅವ್ವನ ಸೂಜಿ, ನಮ್ಮ ಎಂಜಲು



ನಿನ್ನೆ ರವಿವಾರ. ಮಗಳ ಲಂಗದ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಾಕ ಕೂತಿದ್ದೆ. ದಾರ ಸೂಜ್ಯಾಗ ಹೋಗವಲ್ಲದು. ತುದಿ ಬಾಯಾಗ ಇಟ್ಟು ನೆನೆಸಿದೆ, ಹೋತು. ನಮ್ಮ ಅವ್ವ ಹಿಂಗ ಮಾಡತಿದ್ಲು, ಆಯಿನೂ ಹಿಂಗ. ಆಗ ತಲ್ಯಾಗ ಬಂದ ವಿಚಾರ ಬರೀತಿದ್ದೀನಿ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಇದೇ ಎಂಜಲಿನ ನೆಪದಿಂದ ನಮ್ಮ ಜನರ ಹೊಟ್ಟೆ ಮ್ಯಾಲೆ ಹೊಡೆದ ಇತಿಹಾಸ ಐತಿ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯಲ್ಲಿ ನೂಲು ಮುಗಿದಾಗ ಹೊಸ ನೂಲಿನ ತುದಿಯನ್ನು ಬಾಯಿಂದ ಎಳೆದು ತೂತಿನಿಂದ ಹೊರಗೆ ತೆಗೆಯಬೇಕಿತ್ತು. ಒಬ್ಬ ಬಾಯಿ ಇಟ್ಟ ಲಾಳಿಗೆ ಇನ್ನೊಬ್ಬ ಬಾಯಿ ಇಡಬೇಕು. ಸವರ್ಣ ಕೆಲಸಗಾರರ ಎಂಜಲು ಅವರವರಿಗೆ ನಡೀತಿತ್ತು, ನಮ್ಮದು ನಡೀತಿರಲಿಲ್ಲ. ಹೆಚ್ಚು ಪಗಾರ ಇದ್ದದ್ದು ನೇಯ್ಗೆಯಲ್ಲಿ. ನಮ್ಮವರಿಗೆ ಸಿಕ್ಕಿದ್ದು ನೂಲುವ ವಿಭಾಗದ ಕಡಿಮೆ ಪಗಾರದ ಕೆಲಸ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು. ಕಾರ್ಮಿಕರೆಲ್ಲ ಒಂದೇ ಅನ್ನೋದಾದರ ನೇಯ್ಗೆಯ ಬಾಗಿಲು ನಮಗ್ಯಾಕ ಮುಚ್ಚೈತಿ ಅನ್ನೋದೇ ಆ ಪ್ರಶ್ನೆ.

ಬಟ್ಟೆ ಮತ್ತು ಜಾತಿಯ ನಂಟು ಗಿರಣಿಯಿಂದ ಶುರುವಾದದ್ದಲ್ಲ. ಚಂಡಾಲರು ಹೆಣದ ಬಟ್ಟೆಯನ್ನೇ ಉಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ಹೇಳತೈತಿ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು. ಆ ದಿನಗಳಲ್ಲೇ ಬಾಬಾಸಾಹೇಬರು ಅಲ್ಲಿ ಹೆಣ್ಣುಮಕ್ಕಳ ಜೊತೆ ಮಾತಾಡಿದರು. ನಿಮ್ಮ ಸೀರೆ, ನಿಮ್ಮ ಒಡವೆ ನೋಡಿದ ಕೂಡಲೇ ಜಾತಿ ಗೊತ್ತಾಗುವಂಗ ಇರಬಾರದು, ಮೈತುಂಬ ಉಡ್ರಿ, ಹರಿದಿದ್ದರೂ ಪರವಾಗಿಲ್ಲ, ಸ್ವಚ್ಛ ಇರಲಿ ಎಂಬುದು ಅವರ ಮಾತಿನ ಸಾರ. ಇದಕ್ಕೂ ಎರಡು ವರ್ಷ ಮುಂಚೆ, 1925ರಲ್ಲಿ, ನಮ್ಮ ನಿಪ್ಪಾಣಿಯ ಪರಿಷತ್ತಿಗೂ ಅವರು ಬಂದಿದ್ದರು. ಯಮಕನಮರಡಿಯಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನ ಹಾದಿ.

ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚುವ ಬಟ್ಟೆಗಾಗಿ ದಶಕಗಟ್ಟಲೆ ಹೊಡೆದಾಡಿದರು. 1859ರಲ್ಲಿ ರಾಜ ಆಜ್ಞೆ ಹೊರಡಿಸಬೇಕಾಯ್ತು. ಒಂದು ಕುಪ್ಪಸಕ್ಕೆ ರಾಜಾಜ್ಞೆ ಬೇಕಾದ ದೇಶ ಇದು.

ಈಗ ನಮ್ಮ ಮನಿ ಕತಿ ಕೇಳ್ರಿ. ಅವ್ವ ಸಣ್ಣಾಕಿ ಇದ್ದಾಗ ಬಟ್ಟೆ ಹೊಲಿಯುವಾತ ನಮ್ಮವರ ಮೈ ಮುಟ್ಟಿ ಅಳತೆ ತಗೊಳ್ತಿರಲಿಲ್ಲ. ಹಳೆ ಜಂಪರ ಕಟ್ಟೆ ಮ್ಯಾಲೆ ಇಟ್ಟು ದೂರ ನಿಲ್ಲಬೇಕು. ಹಳೇದು ಇಲ್ಲದಾಕಿಗೆ ಕಣ್ಣಳತೆ. ಕಣ್ಣಳತೆಯ ಜಂಪರ ಒಂದೋ ಬಗಲಾಗ ಕಚ್ಚತಿತ್ತು, ಇಲ್ಲಾ ಭುಜದಿಂದ ಜಾರತಿತ್ತು. ಅದನ್ನ ಹಾಕ್ಕೊಂಡು ಸಂತಿಗೆ ಹೋದರ ಯಾವ ಓಣಿಯಾಕಿ ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಒಂದಿನ ಅವ್ವ ಅಂಥಾದ್ದೊಂದು ಜಂಪರದ ಹೊಲಿಗೆ ಎಲ್ಲಾ ಬಿಚ್ಚಿದ್ಲು. ತುಣುಕುಗಳನ್ನ ನೆಲದ ಮ್ಯಾಲೆ ಹರವಿ, ತನ್ನ ಮೈಗೆ ಗೇಣು ಹಾಕಿ ನೋಡಿ, ಹಳೆ ಪೇಪರಿನ ಮ್ಯಾಲೆ ಗೆರೆ ಎಳೆದು ಕತ್ತರಿಸಿದ್ಲು. ಎರಡು ಸಲ ಕೆಟ್ಟಿತು. ಮೂರನೇದು ಸರಿ ಕೂತಿತು. ಅದೇ ಅವಳ ಶಾಲಿ. ಆಮೇಲೆ ಕಬ್ಬಿನ ಹೊಲದ ಕೂಲಿ ಕೂಡಿಸಿ ಹಳೇ ಕೈಮಿಷನ್ ತಂದ್ಲು. ಕೇರಿಯ ಹೆಣ್ಣುಮಕ್ಕಳೆಲ್ಲ ನಮ್ಮ ಮನಿಗೇ ಬಂದರು. ಅವ್ವ ಅವರ ಭುಜ ಮುಟ್ಟಿ, ಬೆನ್ನು ಮುಟ್ಟಿ ಅಳತೆ ತಗೊಳ್ತಿದ್ಲು.

ಆಯಿಯದು ಕೌದಿ. ಕೂಲಿ ಬದಲು ಕೊಟ್ಟ ಹಳೆ ಸೀರೆ, ಧೋತರ ಎಲ್ಲಾ ಹರಿದು, ಪದರಿನ ಮ್ಯಾಲೆ ಪದರು ಹಾಸಿ, ದಾರ ಓಡಿಸಿ ಹೊಲಿಯೋದು. ಉಡಾಕ ಅಂತ ಕೊಟ್ಟದ್ದನ್ನ ಆಯಿ ಉಡಲಿಲ್ಲ, ಹಾಸಿದ್ಲು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಕೌದಿ ಇವತ್ತು ಅಮೆರಿಕದ ಪ್ರದರ್ಶನದವರೆಗೂ ಹೋಗ್ಯಾವ. ನಮ್ಮ ಕೇರಿ ಕೌದಿಗಳು ಹರಿದು ಒರೆಸುವ ಅರಿವೆ ಆದವು.

ನಾ ಹೊಲಿಯೋದು ಪ್ರೀತಿಯಿಂದ. ಬಿ.ಎ. ಓದುವಾಗ್ಲೂ ಹೊಲಿದೆ, ನೌಕರಿ ಸೇರಿದ ಮ್ಯಾಲೂ ಬಿಡಲಿಲ್ಲ. "ರೆಡಿಮೇಡ್ ಸಿಗತಾವಲ್ಲ ಅಕ್ಕಾ" ಅಂತಾರ ಆಫೀಸಿನವರು. ಸಿಗತಾವ, ಖರೆ. ಆದರ ಅವ್ವ ಕಲಿಸಿದ ತೋಳು ಹಚ್ಚುವಾಗ ಸಿಗೋ ಸಮಾಧಾನ ಅಂಗಡ್ಯಾಗ ಸಿಗೂದಿಲ್ಲ.

ಇಷ್ಟೆಲ್ಲಾ ಬರೆದು ಒಂದು ಮಾತು ಮುಚ್ಚಿಟ್ಟರ ತಪ್ಪಾಗತೈತಿ. ನಮ್ಮ ಆಫೀಸಿಗೆ ಹೊಲಿಗೆ ಮಿಷನ್ ಬೇಕಂತ ಅರ್ಜಿ ಬರತಾವ. ತರಬೇತಿ ಪ್ರಮಾಣಪತ್ರ ಲಗತ್ತಿಸಬೇಕು. ಹೋದ ತಿಂಗಳು ಒಬ್ಬ ಅಕ್ಕ ಬಂದಿದ್ಲು. ಮೂವತ್ತು ವರ್ಷದಿಂದ ಹೊಲಿಯಾಕತ್ತಾಳ, ಪ್ರಮಾಣಪತ್ರ ಇಲ್ಲ. ತಾನು ತೊಟ್ಟ ಜಂಪರ ತೋರಿಸಿ "ಇದ ನನ್ನ ಸರ್ಟಿಫಿಕೇಟ್ ರೀ ಬಾಯಾರ" ಅಂದ್ಲು. ಅರ್ಜಿ ವಾಪಸ್ ಕೊಟ್ಟಾಕಿ ನಾನೇ. ನಿಯಮ ನನ್ನದಲ್ಲ, ಆದರ ಕೈ ನನ್ನದು. ಅವ್ವ ಬಂದಿದ್ರೂ ಹಂಗೇ ಕಳಿಸಬೇಕಾಗಿತ್ತು.

ಮುಟ್ಟಬಾರದು ಅಂದದ್ದಕ್ಕ ತಾವೇ ಕಲಿತವರು ಇವರು. ಯಾರು ಕಲಿಸಿದರು ಅನ್ನೋ ಕಾಗದ ಎಲ್ಲಿಂದ ತರಬೇಕು? ಎದುರಿಗೆ ಹೊಲಿದು ತೋರಿಸಿದರ ಸಾಕು ಅಂತ ನಿಯಮ ಮಾಡ್ರಿ ಎಂದು ಸಂಘಟನೆಗಳ ಗೆಳೆಯರು ಮನವಿ ಕೊಡಬೇಕು. ಮನವಿ ಬರೆದುಕೊಡೋ ಕೆಲಸ ನಂದು. ಹಂಗೇ ನಿಮ್ಮ ಅವ್ವ, ಆಯಿ ಹೊಲಿದದ್ದು ಏನಾದರೂ ಮನ್ಯಾಗ ಉಳಿದಿದ್ದರ ಬಿಸಾಕಬ್ಯಾಡ್ರಿ. ಯಾರು ಹೊಲಿದದ್ದು, ಯಾವ ಕಾಲದ್ದು, ಕೇಳಿ ಬರೆದಿಡ್ರಿ.

ಅವ್ವನ ಕಣ್ಣು ಈಗ ಮಂಜಾಗ್ಯಾವ. ಸೂಜಿಗೆ ದಾರ ನಾನೇ ಪೋಣಿಸಿ ಕೊಡತೀನಿ. ಹೊಲಿಗೆ ಮಾತ್ರ ಇನ್ನೂ ನನಗಿಂತ ಅವಳದೇ ನೆಟ್ಟಗ.

ಜೈ ಭೀಮ್.