ಗೋಹರಬಾಯಿ ಕರ್ನಾಟಕಿ: ಒಂದು ಅಪವಾದದ ಪರಾಮರ್ಶೆ

ವಿಜಯಪುರದಿಂದ ದಕ್ಷಿಣಾಭಿಮುಖವಾಗಿ ಹೊರಟು, ಬಬಲೇಶ್ವರವನ್ನು ದಾಟಿ, ಗಲಗಲಿಯ ಬಳಿ ಕೃಷ್ಣೆಯನ್ನು ಉತ್ತರಿಸಿದರೆ ಬೀಳಗಿಯ ಸೀಮೆ ದೊರೆಯುತ್ತದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲವೂ ಅಖಂಡ ವಿಜಾಪುರ ಜಿಲ್ಲೆಯ ಭಾಗವೇ ಆಗಿದ್ದಿತು. ಹಾಡು ಮತ್ತು ಆಟಗಳು ಈ ನೆಲದ ಜನಕ್ಕೆ ಹೊಸವಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಹೆಣೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತವು ಕೃಷ್ಣಾ-ಘಟಪ್ರಭಾ ತೀರದ ಊರುಗಳಲ್ಲಿ ಬೆಳಗಿನವರೆಗೂ ನಡೆಯುತ್ತಿದ್ದಿತು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ಅದರಲ್ಲಿ ಕೀರ್ತಿವಂತರಾದರು. ವೃತ್ತಿರಂಗಭೂಮಿಗೆ 'ರಕ್ತರಾತ್ರಿ'ಯನ್ನು ಕೊಟ್ಟ ಕಂದಗಲ್ಲ ಹನುಮಂತರಾಯರೂ ಇದೇ ಜಿಲ್ಲೆಯವರು. ಇಂತಹ ನೆಲದ ಬೀಳಗಿಯಿಂದ ಹೊರಟು ಮುಂಬಯಿಯಲ್ಲಿ ಹೆಸರಾದ ಸೋದರಿಯರು ಅಮೀರಬಾಯಿ ಮತ್ತು ಗೋಹರಬಾಯಿ. ಇಬ್ಬರೂ ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಎಂಬ ನಾಡಿನ ಗುರುತನ್ನು ಉಳಿಸಿಕೊಂಡರು.

ಇವರಲ್ಲಿ ಅಮೀರಬಾಯಿಯವರಿಗೆ ಇತಿಹಾಸವು ತಕ್ಕಮಟ್ಟಿಗೆ ನ್ಯಾಯ ಸಲ್ಲಿಸಿದೆ. 1943ರ 'ಕಿಸ್ಮತ್' ಚಿತ್ರದ ಗೀತೆಗಳಿಂದ ಅವರ ಕಂಠವು ಅಖಿಲ ಭಾರತಕ್ಕೆ ಪರಿಚಿತವಾಯಿತು. 1965ರಲ್ಲಿ ಅವರು ನಿಧನರಾದರು. ರಹಮತ್ ತರೀಕೆರೆಯವರು ಅವರನ್ನು ಕುರಿತು ಗ್ರಂಥ ರಚಿಸಿ ಕನ್ನಡಿಗರ ಮರೆವನ್ನು ತಕ್ಕಷ್ಟು ತಿದ್ದಿದ್ದಾರೆ. ಗೋಹರಬಾಯಿಯವರ ಪಾಲಿಗೆ ಉಳಿದದ್ದಾದರೋ ಕೀರ್ತಿಗಿಂತ ಹೆಚ್ಚಾಗಿ ಅಪವಾದ. ಮರಾಠಿ ಸಂಗೀತ ನಾಟಕದ ಮುಕುಟಮಣಿಯಾದ ಬಾಲಗಂಧರ್ವರ ಅವನತಿಗೆ ಈ ಕರ್ನಾಟಕದ ಹೆಣ್ಣೇ ಕಾರಣಳೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ.

ಮರಾಠಿ ಸಂಗೀತ ನಾಟಕಕ್ಕೂ ಕನ್ನಡ ನೆಲಕ್ಕೂ ಇರುವ ನಂಟು ಹಳೆಯದು. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಆಡಿಸಿ ಆ ಪರಂಪರೆಗೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ಸ್ಥಾಪಿಸಿದ ಮಂಡಳಿಯನ್ನೇ 1905ರಲ್ಲಿ ಸೇರಿದ ತರುಣ ನಾರಾಯಣ ಶ್ರೀಪಾದ ರಾಜಹಂಸರು 'ಬಾಲಗಂಧರ್ವ'ರೆಂದು ಪ್ರಖ್ಯಾತರಾದರು. ಅವರು 1888ರಲ್ಲಿ ಜನಿಸಿದವರು. ಸ್ತ್ರೀಯರು ರಂಗವನ್ನೇರುವುದು ನಿಷಿದ್ಧವೆಂದು ಭಾವಿಸಿದ್ದ ಆ ಕಾಲದಲ್ಲಿ ಶಕುಂತಲೆ, ಭಾಮಿನಿ, ರುಕ್ಮಿಣಿ, ಸಿಂಧು ಮೊದಲಾದ ಪಾತ್ರಗಳಿಗೆ ಅವರು ಜೀವ ತುಂಬಿದರು. ಅವರು ಉಟ್ಟ ಸೀರೆಯ ಬಗೆಯನ್ನು, ಮುಡಿದ ಹೂವಿನ ಬಗೆಯನ್ನು ಕುಲೀನ ಸ್ತ್ರೀಯರೇ ಅನುಕರಿಸುತ್ತಿದ್ದರು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಜನ್ಮತಾಳಿತು. ಕೇಶವರಾವ ಭೋಸಲೆಯವರೊಡನೆ ಅವರು 1921ರಲ್ಲಿ ಆಡಿದ 'ಸಂಯುಕ್ತ ಮಾನಾಪಮಾನ'ವು ಆ ಯುಗದ ವೈಭವದ ಶಿಖರವೆನ್ನಬಹುದು.

ಆದರೆ ಆ ವೈಭವದ ಒಡಲಲ್ಲಿಯೇ ಸಾಲವೂ ಬೆಳೆಯುತ್ತಿದ್ದಿತು. ನಿಜವಾದ ಜರತಾರಿಯ ಸೀರೆಗಳು, ಬೆಲೆಬಾಳುವ ಅತ್ತರು, ತಬಲಾಕ್ಕೆ ಅಹಮದಜಾನ್ ತಿರಖವಾ, ಸಾರಂಗಿಗೆ ಕಾದರಬಕ್ಷರಂತಹ ಉಸ್ತಾದರು, ನೂರಾರು ಜನರ ಊಟೋಪಚಾರ ಇವೆಲ್ಲವನ್ನೂ ಮಂಡಳಿಯು ಹೊರಬೇಕಾಗಿತ್ತು. ಅದೇ 1921ರ ಸುಮಾರಿಗೆ ಲಕ್ಷ ರೂಪಾಯಿಗೂ ಮೀರಿದ ಋಣವು ಬಾಲಗಂಧರ್ವರ ಹೆಗಲೇರಿತ್ತು. ವರ್ಷಾನುವರ್ಷ ಆಡಿ ಹಾಡಿ ಅವರು ಅದನ್ನು ತೀರಿಸಿದರು. ಅಷ್ಟರಲ್ಲಿ 1931ರಲ್ಲಿ 'ಆಲಂ ಆರಾ' ತೆರೆಕಂಡಿತು. ಮರುವರ್ಷವೇ 'ಅಯೋಧ್ಯೇಚಾ ರಾಜಾ' ಮರಾಠಿಯಲ್ಲಿ ಮಾತನಾಡಿತು. ಕೆಲವೇ ಆಣೆಗಳಿಗೆ ಹಾಡು, ಮಾತು, ದೃಶ್ಯಗಳೆಲ್ಲವೂ ದೊರೆಯುವಾಗ ರಾತ್ರಿಯಿಡೀ ನಡೆಯುವ ನಾಟಕಕ್ಕೆ ಜನ ಕಡಿಮೆಯಾದರು. 1934ರ ಹೊತ್ತಿಗೆ ಹಳೆಯ ಗಂಧರ್ವ ಮಂಡಳಿ ನಿಂತಿತು. 1935ರಲ್ಲಿ ಬಾಲಗಂಧರ್ವರು ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ' ಚಿತ್ರದಲ್ಲಿ ಸಂತ ಏಕನಾಥರ ಪಾತ್ರವನ್ನು ವಹಿಸಿದರು. ಚಿತ್ರರಂಗವು ಅವರ ಮನಸ್ಸಿಗೆ ಒಗ್ಗಲಿಲ್ಲ. ಅವರು ಮತ್ತೆ ರಂಗಕ್ಕೆ ಹಿಂದಿರುಗಿದರು.

ಗೋಹರಬಾಯಿಯವರು ಬಾಲಗಂಧರ್ವರ ರಂಗಜೀವನವನ್ನು ಪ್ರವೇಶಿಸಿದ್ದು ಇವೆಲ್ಲವೂ ಜರುಗಿದ ಮೇಲೆ, 1930ರ ದಶಕದ ಕೊನೆಯ ಭಾಗದಲ್ಲಿ. ಆಗ ಬಾಲಗಂಧರ್ವರಿಗೆ ಐವತ್ತು ವರ್ಷ. ಮಂಡಳಿ ಮುರಿದಿದ್ದಿತು, ಪ್ರೇಕ್ಷಕರು ಚದುರಿದ್ದರು, ಕಾಯವು ತರುಣಿಯ ಪಾತ್ರಕ್ಕೆ ಒಪ್ಪದಾಗಿದ್ದಿತು. ಆದುದರಿಂದ ಮುರಿದ ಮಂಡಳಿಯನ್ನು ಮುರಿದವಳೆಂಬ ಆರೋಪವು ಕಾಲಾನುಕ್ರಮದ ಮುಂದೆ ನಿಲ್ಲಲಾರದು.

ಗೋಹರಬಾಯಿಯವರು ಬರಿಗೈಯಲ್ಲಿ ಬಂದವರಲ್ಲ. ಅವರಿಗೆ ಹಾಡುಗಾರಿಕೆಯ ಸಿದ್ಧಿಯಿದ್ದಿತು. ಬಾಲಗಂಧರ್ವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ, ಅವರ ಸ್ವರದ ಎಳೆ, ತಾನಿನ ಕೊಂಕು, ಶಬ್ದದ ಮಾರ್ದವಗಳನ್ನು ಕರಗತ ಮಾಡಿಕೊಂಡಿದ್ದರೆಂಬುದು ಪ್ರಸಿದ್ಧವಾಗಿದೆ. ಕನ್ನಡ ಸೀಮೆಯ ಹೆಣ್ಣುಮಗಳೊಬ್ಬಳು ಮರಾಠಿ ನಾಟ್ಯಪದಗಳನ್ನು ಅವುಗಳ ಮಹಾಗಾಯಕನ ಶೈಲಿಯಲ್ಲಿಯೇ, ಆತನ ಮುಂದೆಯೇ ಹಾಡಿ ಮೆಚ್ಚಿಸುವುದು ಸಾಮಾನ್ಯ ಸಾಧನೆಯಲ್ಲ. ಬಾಲಗಂಧರ್ವರು ತಾವು ಮೆರೆಸಿದ ನಾಯಿಕೆಯರ ಪಾತ್ರಗಳನ್ನು ಅವರಿಗೆ ಬಿಟ್ಟುಕೊಟ್ಟು, ತಾವು ಪುರುಷಪಾತ್ರಗಳನ್ನು ವಹಿಸತೊಡಗಿದರು.

ಅಪವಾದದ ಬೇರು ಇಲ್ಲಿಯೇ ಇರುವಂತೆ ತೋರುತ್ತದೆ. ಪ್ರೇಕ್ಷಕನು ಕಾಣಬಯಸಿದ್ದು ಹೆಣ್ಣನ್ನಲ್ಲ, ಹೆಣ್ಣಾಗಿ ಕಾಣುವ ಬಾಲಗಂಧರ್ವರನ್ನು. ಆ ಸ್ಥಾನದಲ್ಲಿ ನಿಜವಾದ ಸ್ತ್ರೀಯನ್ನು ಕಂಡಾಗ ಅವನಿಗೆ ಆಶಾಭಂಗವಾಯಿತು. ಹಾಗೆಂದು ಸ್ತ್ರೀಯ ಪ್ರವೇಶವು ಗೋಹರಬಾಯಿಯವರೊಬ್ಬರ ಸಾಹಸವೂ ಅಲ್ಲ. 1929ರಲ್ಲಿಯೇ ಹೀರಾಬಾಯಿ ಬಡೋದೆಕರರು ಸ್ವಂತ ನಾಟಕ ಮಂಡಳಿಯನ್ನು ಕಟ್ಟಿದ್ದರು. 1933ರಲ್ಲಿ 'ನಾಟ್ಯಮನ್ವಂತರ'ದವರು 'ಆಂಧಳ್ಯಾಂಚೀ ಶಾಳಾ'ದಲ್ಲಿ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಆಡಿಸಿದ್ದರು. ಕನ್ನಡದಲ್ಲಿ ಗುಬ್ಬಿ ಕಂಪನಿಯ ಬಿ. ಜಯಮ್ಮನವರಂತಹ ನಟಿಯರು ಜನಮನ್ನಣೆ ಗಳಿಸಿದ್ದರು. ಯುಗಧರ್ಮವೇ ಬದಲಾಗುತ್ತಿರುವಾಗ ಆ ಬದಲಾವಣೆಯ ಹೊಣೆಯನ್ನು ಒಬ್ಬಳ ತಲೆಗೆ ಕಟ್ಟಿದ್ದು ವಿಚಾರವಂತಿಕೆಯಲ್ಲ.

ಇಲ್ಲಿ ಗಮನಿಸತಕ್ಕ ವಿಪರ್ಯಾಸವೊಂದುಂಟು. 1931ರಲ್ಲಿ ಬಾಲಗಂಧರ್ವರು 'ಕಾನ್ಹೋಪಾತ್ರಾ' ನಾಟಕದಲ್ಲಿ ಗಣಿಕೆಯ ಮಗಳಾಗಿ ಹುಟ್ಟಿ ವಿಠ್ಠಲನ ಪದತಲದಲ್ಲಿ ಐಕ್ಯಳಾದ ಸಂತಳ ಪಾತ್ರವನ್ನು ವಹಿಸಿದ್ದರು. ಆ ಪಾತ್ರಕ್ಕೆ ಪ್ರೇಕ್ಷಕರು ಕೈಮುಗಿದರು. ರಂಗದ ಮೇಲಿನ ಕಾನ್ಹೋಪಾತ್ರೆಗೆ ಕೈಮುಗಿದ ಸಮಾಜವೇ ರಂಗದ ಕೆಳಗಿನ ಗಾಯಕಿಯನ್ನು ಕುಲ-ಮತಗಳ ಕಣ್ಣಿನಿಂದ ಅಳೆಯಿತು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಸೂಳೆ ಸಂಕವ್ವೆಯೂ ವಚನಕಾರ್ತಿಯಾಗಿ ಸ್ಥಾನ ಪಡೆದಳೆಂಬುದನ್ನು ಬಲ್ಲ ನಾಡಿಗೆ, ಮನುಷ್ಯರನ್ನು ಹುಟ್ಟಿನಿಂದಲ್ಲದೆ ನಡೆಯಿಂದ ಅಳೆಯಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಗಾದರೆ ಗೋಹರಬಾಯಿಯವರ ನಡೆ ಎಂತಹುದು? ಬಾಲಗಂಧರ್ವರ ಪತ್ನಿ ಲಕ್ಷ್ಮೀಬಾಯಿಯವರು 1940ರಲ್ಲಿ ತೀರಿಕೊಂಡರು. 1951ರಲ್ಲಿ ಗೋಹರಬಾಯಿಯವರೊಡನೆ ವಿವಾಹವಾಯಿತು. ಹಣವಿದ್ದಾಗ ಸುತ್ತುಗಟ್ಟಿದ್ದವರು ಚದುರಿದ್ದರು. ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದಾಗ ಅವರ ಶುಶ್ರೂಷೆಗೆ ನಿಂತವರು ಗೋಹರಬಾಯಿ. ಪರಿಚಿತರನ್ನು ದೂರವಿರಿಸಿದರು, ವ್ಯವಹಾರವನ್ನೆಲ್ಲ ತಮ್ಮ ಕೈಯಲ್ಲಿಟ್ಟುಕೊಂಡರು ಎಂಬ ದೂರುಗಳಿವೆ. ಅವುಗಳಲ್ಲಿ ಕೆಲವು ನಿಜವೂ ಇರಬಹುದು. ಆಕೆ ದೋಷರಹಿತೆಯೆಂದು ಸಾಧಿಸುವುದು ಇತಿಹಾಸದ ಕೆಲಸವಲ್ಲ. ಆದರೆ ಸಂಪತ್ತನ್ನು ಅರಸಿ ಬಂದವಳು ಸಂಪತ್ತು ಹೋದ ಮೇಲೆ ಉಳಿಯುವುದಿಲ್ಲ. ಗೋಹರಬಾಯಿಯವರು ಬಂದದ್ದೇ ಸಂಪತ್ತು ಹೋದ ಮೇಲೆ; ಬಂದ ಮೇಲೆ ತಮ್ಮ ಕೊನೆಯವರೆಗೂ ಉಳಿದರು.

ಬಾಲಗಂಧರ್ವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಗೌರವ, 1964ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು. 1967ರ ಜುಲೈ 15ರಂದು ಅವರು ಕಣ್ಮುಚ್ಚುವ ಮುನ್ನವೇ ಗೋಹರಬಾಯಿಯವರು ತೀರಿಕೊಂಡಿದ್ದರು. ಪುಣೆಯಲ್ಲಿ ಬಾಲಗಂಧರ್ವರ ಹೆಸರಿನ ರಂಗಮಂದಿರ ನಿಂತಿತು. ವಿಜಯಪುರದ ಅಮೀರ್ ಟಾಕೀಸು ಅಕ್ಕತಂಗಿಯರಲ್ಲಿ ಒಬ್ಬರ ಹೆಸರನ್ನು ಜನರ ನಾಲಗೆಯ ಮೇಲೆ ಇರಿಸಿತು. ಗೋಹರಬಾಯಿಯವರ ಪಾಲಿಗೆ ಉಳಿದದ್ದು ಕೆಲವು ಧ್ವನಿಮುದ್ರಿಕೆಗಳು, ಮತ್ತೊಬ್ಬರ ಜೀವನಚರಿತ್ರೆಯಲ್ಲಿ ಕೆಲವು ಕಟುವಾದ ಪುಟಗಳು.

ಆ ಪುಟಗಳನ್ನು ಬರೆದವರು ಬಹುಮಟ್ಟಿಗೆ ಬಾಲಗಂಧರ್ವರ ಅಭಿಮಾನಿಗಳು. ಆರಾಧ್ಯನ ಸೋಲನ್ನು ಒಪ್ಪಲಾರದ ಅಭಿಮಾನವು ಸೋಲಿಗೊಂದು ಹೊರಗಿನ ಕಾರಣವನ್ನು ಹುಡುಕುವುದು ಸಹಜ. ಸಾಲ, ವಯಸ್ಸು, ಚಲಚ್ಚಿತ್ರ ಈ ಮೂರೂ ಸೇರಿ ಮುಗಿಸಿದ್ದ ಕೆಲಸವನ್ನು ಕೊನೆಗೆ ಬಂದವಳ ಲೆಕ್ಕಕ್ಕೆ ಬರೆದದ್ದು ಆ ಅಭಿಮಾನವೇ. ಗೋಹರಬಾಯಿಯವರ ನಡೆಯ ಗುಣದೋಷಗಳನ್ನು ಮುಂದೆಯೂ ವಿಚಾರಿಸಬಹುದು. ಆದರೆ ಅವರು ಬರುವ ಮೊದಲೇ ತೀರಿದ್ದ ಲೆಕ್ಕವನ್ನು ಅವರಿಂದ ಕೇಳುವುದು ನ್ಯಾಯವಲ್ಲ.