ಒಂದೇ ಚುಕ್ಕೆಯ ಚಿತ್ರ

ರಾಜಧಾನಿ ಬೆಂಗಳೂರು ಟಿ.ವಿ. ಕಂಡದ್ದು 1981ರಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ದಯೆಯಿಂದ ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು 1975ರ ಆಗಸ್ಟ್ 1ರಿಂದಲೇ ಕಂಡವು. 'ಹಿಂದುಳಿದವರು' ಎಂಬ ಮಾತು ಕೇಳಿಯೇ ಬೆಳೆದ ನರೋಣಾ ಕಡೆಯವನಾದ ನನಗೆ ಇದು ಸಣ್ಣ ಸಂಗತಿಯಲ್ಲ.

ಆ ಪೆಟ್ಟಿಗೆಯೊಳಗಿದ್ದದ್ದು ಗಾಳಿ ತೆಗೆದ ಗಾಜಿನ ಬುರುಡೆ. ಅದರ ಕತ್ತಿನಲ್ಲಿ ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಚಿಮ್ಮಿಸುತ್ತದೆ. ತಂತಿಸುರುಳಿಗಳ ಕಾಂತಶಕ್ತಿ ಆ ಕಿರಣವನ್ನು ಅತ್ತಿತ್ತ ಬಾಗಿಸುತ್ತದೆ. ಅದು ತಾಗಿದಲ್ಲಿ ಪರದೆಯ ಫಾಸ್ಫರ್ ಲೇಪ ಹೊಳೆಯುತ್ತದೆ. ಹೊಲ ಹರಗಿದಂತೆ 625 ಸಾಲು, ಸೆಕೆಂಡಿಗೆ 25 ಸಲ. ಓಡುವುದು ಒಂದೇ ಚುಕ್ಕೆ. ಚಿತ್ರವಾಗಿ ಕೂಡಿಸಿಕೊಳ್ಳುವುದು ನಮ್ಮ ಕಣ್ಣು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿದು ಉಪಗ್ರಹ ದೂರ ಸರಿಯಿತು. ಮರುವರ್ಷ ಗುಲಬರ್ಗಾದಲ್ಲೇ ದೂರದರ್ಶನ ಕೇಂದ್ರವಾಯಿತು. ಬುರುಡೆಯ ಟಿ.ವಿ.ಗಳು ಈಗ ಗುಜರಿ ಸೇರಿವೆ. ಅವುಗಳ ಮುಂದೆ ಮೊದಲು ಕುಳಿತವರ ನೆನಪೂ ಆರುವ ಮುನ್ನ ಬರೆದಿಟ್ಟುಕೊಳ್ಳಬೇಕು.