ಆಪಾದನೆ ಹೊತ್ತ ವಲಸೆ ಹಕ್ಕಿಗಳು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಕೆರೆ ಏರಿಯ ಮೇಲೆ ಪ್ರೌಢಶಾಲೆಯ ಮಕ್ಕಳಿಗೆ ಹಕ್ಕಿ ತೋರಿಸುತ್ತಿದ್ದೆ. ಕೋಡಿಯ ಕಲ್ಲುಗಳ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿದ್ದ ಬೂದು ಕುಂಡೆಕುಸ್ಕ ಇನ್ನು ಕೆಲವೇ ವಾರಗಳಲ್ಲಿ ಉತ್ತರಕ್ಕೆ ಹೊರಡುತ್ತದೆ ಎಂದು ವಿವರಿಸುತ್ತಿದ್ದಾಗ, ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತು ಕೇಳಿದರು: “ಅಲ್ಲ ಮೇಷ್ಟ್ರೇ, ಮಂಗನ ಕಾಯಿಲೆ ತಂದಿದ್ದು ಈ ಹಕ್ಕಿಗಳೇ ಅಂತಾರಲ್ಲ, ಮಕ್ಕಳನ್ನ ಯಾಕೆ ಇವುಗಳ ಹಿಂದೆ ಕರ್ಕೊಂಡು ತಿರುಗ್ತೀರಿ?”

ಪ್ರಶ್ನೆ ತಮಾಷೆಯದಾಗಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಕ್ಕಿಗಳ ವಾಪಸಾತಿ ವಲಸೆಯ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. ಡಿಸೆಂಬರ್‌ನಿಂದ ಮೇ ತನಕ ಈ ಜ್ವರದ ಭಯ. ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು. ಎಲೆ ಉದುರಿ ಕಾಡು ತೆರೆದುಕೊಂಡು ಹಕ್ಕಿಗಳು ಚೆನ್ನಾಗಿ ಕಾಣುವುದೂ ಆಗಲೇ. ಹಿರಿಯರು ಹೇಳಿದ ಮಾತು ಊರ ಕಟ್ಟೆಯಲ್ಲಿ ಹುಟ್ಟಿದ ಗಾಳಿಮಾತೂ ಅಲ್ಲ. ಒಂದು ಕಾಲದಲ್ಲಿ ಅದು ವಿಜ್ಞಾನಿಗಳದೇ ಸಂದೇಹವಾಗಿತ್ತು. ನಮ್ಮ ದೇಶದಲ್ಲಿ ಹಕ್ಕಿ ವಲಸೆಯ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ನಡೆಯಲು ಒಂದು ಮುಖ್ಯ ಕಾರಣ ಈ ಸಂದೇಹವೇ ಎಂಬುದು ಹಕ್ಕಿ ನೋಡುವವರಲ್ಲೂ ಅನೇಕರಿಗೆ ತಿಳಿದಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಲುಸಾಲಾಗಿ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಜೊತೆಗೂಡಿ 1952ರಲ್ಲಿ ಸ್ಥಾಪಿಸಿದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಅವರ ಮೊದಲ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೋತಿಗಳು ಸಾಯತೊಡಗಿದರೆ ಹಳದಿ ಜ್ವರ ಬಂದಿದೆ ಎಂದೇ ಲೆಕ್ಕ. ಭಾರತದಲ್ಲಿ ಆ ರೋಗ ಇರಲಿಲ್ಲ, ಈಗಲೂ ಇಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಅದು ಒಮ್ಮೆ ಒಳಹೊಕ್ಕರೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕೆಲವೇ ತಿಂಗಳಲ್ಲಿ ರೋಗಿಗಳಿಂದ, ಸತ್ತ ಮಂಗಗಳಿಂದ ಮತ್ತು ಕಾಡಿನ ಉಣುಗುಗಳಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ಹರಡುತ್ತಿದ್ದದ್ದೂ ಸೊಳ್ಳೆಯಲ್ಲ, ಉಣುಗು; ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿ. ಆಶ್ಚರ್ಯ ಕಾದಿದ್ದು ವೈರಸ್ಸಿನ ನೆಂಟಸ್ತಿಕೆಯಲ್ಲಿ. ಅದು ‘ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರ’ ಎಂಬ ಗುಂಪಿಗೆ ಸೇರಿತ್ತು. ಅದರಲ್ಲೂ ಪಶ್ಚಿಮ ಸೈಬೀರಿಯದ ಓಮ್‌ಸ್ಕ್ ಪ್ರದೇಶದಲ್ಲಿ 1940ರ ದಶಕದಲ್ಲಿ ಕಂಡುಬಂದಿದ್ದ ರಕ್ತಸ್ರಾವ ಜ್ವರದ ವೈರಸ್ಸಿಗೆ ತೀರ ಹತ್ತಿರದ್ದಾಗಿ ತೋರಿತು.

ಈಗ ಭೂಪಟ ಬಿಡಿಸಿ ನೋಡಿ. ಸಾಗರ ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಓಮ್‌ಸ್ಕ್ 73 ಡಿಗ್ರಿಯಲ್ಲಿ. ಅಂದರೆ ಓಮ್‌ಸ್ಕ್ ನಮ್ಮ ಸಾಗರಕ್ಕೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸ ಸುಮಾರು 41 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ 4,500 ಕಿಲೋಮೀಟರ್ ದೂರ. ಸೈಬೀರಿಯದ ಒಂದು ರೋಗದ ಸೋದರ ಮಲೆನಾಡಿಗೆ ಬಂದದ್ದು ಹೇಗೆ? ನಡುವೆ ಹಿಮಾಲಯ, ಮರುಭೂಮಿಗಳು, ಬಯಲುಗಳು. ಇವೆಲ್ಲವನ್ನೂ ವರ್ಷಕ್ಕೆ ಎರಡು ಸಲ ದಾಟುವ ಜೀವಿ ಒಂದೇ, ಹಕ್ಕಿ. ಸೈಬೀರಿಯ, ಮಧ್ಯ ಏಷ್ಯಾಗಳಲ್ಲಿ ಗೂಡುಕಟ್ಟುವ ಉಲಿಯಕ್ಕಿ, ಕುಂಡೆಕುಸ್ಕಗಳು ಪ್ರತಿ ಚಳಿಗಾಲಕ್ಕೂ ನಮ್ಮ ಕಾಡಿಗೆ, ತೋಟಕ್ಕೆ ಬರುತ್ತವೆ. ಅವುಗಳ ಮೈಮೇಲೆ ಸವಾರಿ ಮಾಡಿಕೊಂಡು ಸೋಂಕಿತ ಉಣುಗು ಬಂದಿರಬೇಕು ಎಂಬ ಊಹೆ ಎಷ್ಟು ಸೊಗಸಾಗಿತ್ತೆಂದರೆ, ಅದು ನಿಜವಾಗಿರಲೇಬೇಕು ಎಂದು ಅನೇಕರಿಗೆ ಅನ್ನಿಸಿತು.

ಊಹೆಯನ್ನು ಪರೀಕ್ಷಿಸಬೇಕಾದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲು ತಿಳಿಯಬೇಕಲ್ಲ. ಅಂದಿನ ಮಟ್ಟಿಗೆ ಅದು ಗೊತ್ತಿದ್ದದ್ದು ತೀರ ಅಲ್ಪ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1920ರ ದಶಕದಲ್ಲೇ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಆರಂಭಿಸಿತ್ತಾದರೂ ಅದು ಹೆಚ್ಚಾಗಿ ಬಾತುಗಳಿಗೆ ಸೀಮಿತವಾಗಿತ್ತು. ಸಣ್ಣ ಕಾಡುಹಕ್ಕಿಗಳ ಹಾದಿ ಕತ್ತಲೆಯಲ್ಲಿತ್ತು. ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದ್ದ ಸಲೀಂ ಅಲಿಯವರು ಇಂಥ ಅಧ್ಯಯನಕ್ಕೆ ಬಹುಕಾಲದಿಂದ ಹಣ ಹುಡುಕುತ್ತಿದ್ದರು. ಮಂಗನ ಕಾಯಿಲೆ ಅದನ್ನು ಒದಗಿಸಿತು! 1960ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸೊಸೈಟಿಯ ಹಕ್ಕಿ ವಲಸೆ ಯೋಜನೆ ಆರಂಭವಾಯಿತು. ಬಲೆ ಕಟ್ಟಿ ಹಿಡಿಯುವುದು, ತೂಗಿ ಅಳೆಯುವುದು, ಮೈಮೇಲಿನ ಉಣುಗು ಹೆಕ್ಕುವುದು, ಉಂಗುರ ತೊಡಿಸಿ ಬಿಡುವುದು, ಇದು ದಿನಚರಿ. ಇಂದು ನಾವು ವಲಸೆಯ ಬಗ್ಗೆ ಪಾಠ ಹೇಳುವಾಗ ಬಳಸುವ ಎಷ್ಟೋ ಮಾಹಿತಿಗೆ ಆ ದಿನಗಳ ಬಲೆಗಳೇ ಮೂಲ.

ಈ ಕೆಲಸಕ್ಕೆ ಬೇರೊಂದು ಬಗೆಯ ಕಳಂಕವೂ ಅಂಟಿಕೊಂಡಿತು. 1963ರಿಂದ ಬ್ಯಾಂಕಾಕನ್ನು ಕೇಂದ್ರವಾಗಿಟ್ಟುಕೊಂಡು ಎಲಿಯಟ್ ಮ್ಯಾಕ್‌ಕ್ಲೂರ್ ನಡೆಸಿದ ಏಷ್ಯಾವ್ಯಾಪಿ ಸಮೀಕ್ಷೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ಬಿತ್ತು. ಅದಕ್ಕೆ ಹಣ ಬಂದದ್ದು ಅಮೆರಿಕದ ಸೈನ್ಯದಿಂದ. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧತಂತ್ರವನ್ನು ಅಭ್ಯಾಸ ಮಾಡಲಾಗುತ್ತಿದೆ ಎಂಬ ಗುಮಾನಿ ಭಾರತದ ಪತ್ರಿಕೆಗಳಲ್ಲಿ ಎದ್ದಿತು. 1970ರ ದಶಕದ ನಡುವೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ವಿದೇಶಿ ನೆರವಿನ ಇಂಥ ಸಂಶೋಧನೆಗಳನ್ನು ಪರಿಶೀಲಿಸಿತು. ಸೈನ್ಯದ ಹಣ ಎಂದ ಮೇಲೆ ಪ್ರಶ್ನೆ ಕೇಳಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಹಕ್ಕಿಗಳಂತೂ ಎರಡನೆಯ ಸಲ ಕಟಕಟೆ ಹತ್ತಿದವು.

ಹಾಗಾದರೆ ಮೊದಲ ಆಪಾದನೆ ಏನಾಯಿತು? ಸೈಬೀರಿಯದಿಂದ ಮಲೆನಾಡಿಗೆ ಹಕ್ಕಿ ಈ ವೈರಸ್ಸನ್ನು ಹೊತ್ತು ತಂದಿತು ಎಂಬುದು ಸಾಬೀತಾಗಲಿಲ್ಲ. ಸ್ವಲ್ಪ ಲೆಕ್ಕ ಹಾಕಿದರೆ ತೊಡಕು ನಮಗೂ ಹೊಳೆಯುತ್ತದೆ. ಈ ಬಗೆಯ ಉಣುಗಿನ ಲಾರ್ವ ಅಥವಾ ನಿಂಫ್ ಒಂದು ಪ್ರಾಣಿಯನ್ನು ಕಚ್ಚಿಕೊಂಡಿರುವುದು ಸಾಮಾನ್ಯವಾಗಿ ಮೂರು ದಿನದಿಂದ ಒಂದು ವಾರ. ಹೊಟ್ಟೆ ತುಂಬಿದ ಮೇಲೆ ಕಳಚಿ ನೆಲಕ್ಕೆ ಬೀಳುತ್ತದೆ. ಬೆರಳುದ್ದದ ಉಲಿಯಕ್ಕಿ ಅಲ್ಲಲ್ಲಿ ತಂಗುತ್ತ 4,500 ಕಿಲೋಮೀಟರ್ ಬರಲು ವಾರಗಟ್ಟಲೆ ಬೇಕು. ಓಮ್‌ಸ್ಕ್‌ನಲ್ಲಿ ಹತ್ತಿದ ಉಣುಗು ಮಧ್ಯ ಏಷ್ಯಾದ ಯಾವುದೋ ಬಯಲಿನಲ್ಲೇ ಇಳಿದುಬಿಟ್ಟಿರುತ್ತದೆ. ಅಕಸ್ಮಾತ್ ಇಲ್ಲಿಯ ತನಕ ಬಂದರೂ, ಅಲ್ಲಿಯ ಉಣುಗಿನ ಜಾತಿಯೇ ಬೇರೆ. ಅದು ಮಲೆನಾಡಿನ ಮಳೆ ತಡೆದುಕೊಂಡು ಬದುಕಿ, ವೈರಸ್ಸನ್ನು ಇಲ್ಲಿಯ ಉಣುಗಿಗೆ ದಾಟಿಸಬೇಕು. ವೈರಸ್ಸುಗಳೂ ಊಹಿಸಿದಷ್ಟು ಒಂದೇ ಆಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ರಷ್ಯಾದ ಮಿದುಳುಜ್ವರಕ್ಕೆ ಎಂದು ತಯಾರಾಗಿದ್ದ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಪ್ರಯೋಗಿಸಿದಾಗ ಅದು ರಕ್ಷಣೆ ಕೊಡಲಿಲ್ಲ.

ರೋಗ ಹರಡಿದ ರೀತಿಯೂ ಹಾರುವ ಪ್ರಾಣಿಯದಾಗಿ ತೋರುವುದಿಲ್ಲ. ಆರಂಭದಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿನೊಳಗೆ ಇತ್ತು. ಮುಂದೆ ಪಕ್ಕದ ತಾಲ್ಲೂಕುಗಳಿಗೆ, ಉತ್ತರ ಕನ್ನಡಕ್ಕೆ, 1982ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಗೆ ಬಂತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿತು. ಎಲ್ಲವೂ ಪಶ್ಚಿಮ ಘಟ್ಟದ ಗುಂಟ.

ಉತ್ತರದ ಹೊಸ ಎಳೆ ಸಿಕ್ಕಿದ್ದು ಸಾಗರದಲ್ಲೇ. ಪುಣೆಯ ಕೇಂದ್ರ ಅಲ್ಲಿ ಕ್ಷೇತ್ರ ಠಾಣೆಯೊಂದನ್ನು ನಡೆಸುತ್ತಿತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಕೊಲಂಬಿಯ ದೇಶದ ಹೋರ್ಹೆ ಬೋಶೆಲ್ ಒಬ್ಬರು. ತಮ್ಮ ನಾಡಿನಲ್ಲಿ ಅವರು ಹಳದಿ ಜ್ವರವನ್ನು ಅಭ್ಯಾಸ ಮಾಡಿದ್ದವರು. ದೊಡ್ಡ ಮರವೊಂದು ಉರುಳಿದಾಗ ಮರದ ನೆತ್ತಿಯಲ್ಲಿರುತ್ತಿದ್ದ ಸೊಳ್ಳೆಗಳು ಮರ ಕಡಿಯುವವರ ಸುತ್ತ ಮುತ್ತಿಕೊಳ್ಳುವುದನ್ನು ಅಲ್ಲಿ ಕಣ್ಣಾರೆ ಕಂಡಿದ್ದರು. ಅಂಥವರು ಸಾಗರದ ಕಾಡಂಚಿನಲ್ಲಿ ನೋಡಿದ್ದು ಆಕಾಶವನ್ನಲ್ಲ, ನೆಲವನ್ನು. 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಮುಂದಿಟ್ಟ ವಾದ ಇದು: ವೈರಸ್ ಹೊರಗಿನಿಂದ ಹೊಸದಾಗಿ ಬಂದದ್ದಲ್ಲ. ಇಲ್ಲಿಯ ಕಾಡಿನ ಇಲಿ, ಸೊಂಡಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಅದು ಸದ್ದಿಲ್ಲದೆ ಸುತ್ತುತ್ತಿತ್ತು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ತೋಟಗಳಾದವು, ದನಗಳು ಕಾಡಿಗೆ ಮೇಯಲು ಹೋದವು. ಈ ಬದಲಾವಣೆಯೇ ರೋಗವನ್ನು ಹೊರಗೆಳೆಯಿತು.

ಇದರಲ್ಲಿ ದನದ ಪಾತ್ರ ಸೂಕ್ಷ್ಮವಾದದ್ದು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದೂ ಇಲ್ಲ. ಆದರೆ ಮಳೆಗಾಲದಲ್ಲಿ ಹೊರಬರುವ ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯೊಂದರ ರಕ್ತ ಬೇಕು. ಹಿಂದೆ ಅದಕ್ಕೆ ಅಲ್ಲೊಂದು ಇಲ್ಲೊಂದು ಕಡವೆ, ಕಾಟಿ ಸಿಗಬೇಕಿತ್ತು. ಈಗ ಹಿಂಡುಗಟ್ಟಲೆ ದನ. ರಕ್ತ ಕುಡಿದ ಹೆಣ್ಣು ಉಣುಗು ತರಗೆಲೆಗಳ ನಡುವೆ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಲಾರ್ವಗಳು, ಡಿಸೆಂಬರ್‌ನಿಂದ ನಿಂಫ್‌ಗಳು. ಎಳ್ಳಿನಷ್ಟು ಚಿಕ್ಕದಾದ, ಕಣ್ಣಿಗೆ ಬೀಳದ ಈ ನಿಂಫ್ ಕಚ್ಚಿಯೇ ಮನುಷ್ಯನಿಗೆ ಜ್ವರ ಬರುವುದು. ಸೌದೆಗೆ, ದರಗು ಗುಡಿಸಲು ಕಾಡಿಗೆ ಹೋದವರೇ ಹೆಚ್ಚಾಗಿ ಅದರ ಬಾಯಿಗೆ ಸಿಕ್ಕುತ್ತಾರೆ. ಮಂಗಗಳೂ ನಮ್ಮಂತೆಯೇ ಇದಕ್ಕೆ ಬಲಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಜಾಗವನ್ನೇ ಅಪಾಯದ ತಾಣವಾಗಿಸುತ್ತವೆ. ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲೂ ಸ್ವಲ್ಪ ಅನ್ಯಾಯವಿದೆ ಎನ್ನಬೇಕು.

ಹಕ್ಕಿಗಳು ಪೂರ್ತಿ ದೋಷಮುಕ್ತವಾದವೇ? ಇಲ್ಲ. ಕಾಡುಕೋಳಿಯಂತೆ ನೆಲ ಕೆದಕುವ ಸ್ಥಳೀಯ ಹಕ್ಕಿಗಳ ಮೈಮೇಲೆ ಉಣುಗಿನ ಮರಿಗಳು ಇರುತ್ತವೆ. ಒಂದು ಕಾಡಿನಿಂದ ಪಕ್ಕದ ಕಾಡಿಗೆ ಅವು ಉಣುಗನ್ನು ಸಾಗಿಸಬಹುದು. ಇನ್ನೊಂದು ಒಗಟೂ ಇದೆ. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್, ಕ್ಯಾಸನೂರು ವೈರಸ್ಸಿಗೆ ಓಮ್‌ಸ್ಕ್‌ನದಕ್ಕಿಂತಲೂ ಹತ್ತಿರದ ಬಂಧು. ಇವೆರಡರ ಜೀನೋಮ್‌ಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ಇವು ಕವಲೊಡೆದು ಸುಮಾರು 700 ವರ್ಷಗಳಾಗಿವೆ. ಅಂದರೆ 1957ರಲ್ಲಿ ನಾವು ಕಂಡದ್ದು ಹೊಸ ಅತಿಥಿಯನ್ನಲ್ಲ. ಅರಬ್ಬಿ ಸಮುದ್ರದ ಆ ದಡಕ್ಕೂ ಈ ದಡಕ್ಕೂ ಬಂಧುಗಳನ್ನು ಹಂಚಿದವರು ಯಾರು? ಹಡಗಿನಲ್ಲಿ ಸಾಗಿದ ಸಾಕುಪ್ರಾಣಿಗಳೋ, ಹಕ್ಕಿಗಳೋ? ಈ ಮೊಕದ್ದಮೆ ಇನ್ನೂ ಬಾಕಿ ಇದೆ.

2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಜ್ವರ ಕಾಣಿಸಿಕೊಂಡಾಗಲೂ ಜನರ ಬೆರಳು ಮೊದಲು ತೋರಿದ್ದು ವಲಸೆ ಹಕ್ಕಿಗಳ ಕಡೆಗೇ. ಹೊರಗಿನಿಂದ ಬಂದವರ ಮೇಲೆ ಸಂಶಯ ಬೇಗ ಹುಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರಿಗೆ ಕಾಳಜಿ ಬೇಡವೆಂದಲ್ಲ. ರೋಗ ತಗುಲಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಅನೇಕ ಕುಟುಂಬಗಳು ತಮ್ಮವರನ್ನು ಕಳೆದುಕೊಂಡವು. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದರ ಕೆಲಸ ನಡೆದಿದೆ. ಆದ್ದರಿಂದ ನಾನು ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳನ್ನು ಕಾಡಿನೊಳಗೆ ಇಳಿಸುವುದಿಲ್ಲ. ಕೆರೆ ಏರಿ, ಗದ್ದೆ ಬಯಲು, ಟಾರು ರಸ್ತೆಯ ಬದಿ ಸಾಕು. ವಲಸೆ ಹಕ್ಕಿಗಳು ಅಲ್ಲೂ ಬೇಕಾದಷ್ಟು ಸಿಗುತ್ತವೆ. ತರಗೆಲೆಯ ಮೇಲೆ ಕೂರಬಾರದು. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಇರಬೇಕು. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡು ಹೊರಟು, ಮನೆಗೆ ಹೋದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಆ ಹಿರಿಯರಿಗೆ ಅಂದು ಇದನ್ನೆಲ್ಲ ಚುಟುಕಾಗಿ ಹೇಳಿದೆ. ಅವರು ತಮ್ಮ ದನಗಳ ಕಡೆ ಒಮ್ಮೆ ನೋಡಿದರು. “ಹಾಗಾದ್ರೆ ಇವನ್ನ ಎಲ್ಲಿ ಮೇಯಿಸೋದು ಮಾರಾಯ್ರೇ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮಕ್ಕಳು ಮುಂದಿನ ವಾರಗಳಲ್ಲೂ ಕೋಡಿಗೆ ಹೋಗಿ ಕುಂಡೆಕುಸ್ಕವನ್ನು ಕಂಡ ಕೊನೆಯ ದಿನಾಂಕ ಬರೆದಿಟ್ಟರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2007ರಲ್ಲಿ ಶುರುವಾದ ಮೈಗ್ರೆಂಟ್‌ವಾಚ್ ಯೋಜನೆ ಸಾಮಾನ್ಯ ಜನರಿಂದ ಸಂಗ್ರಹಿಸಿದ್ದು ಇಂಥ ದಿನಾಂಕಗಳನ್ನೇ. ನಮ್ಮ ಪುಸ್ತಕದಲ್ಲಿ ಆ ವರ್ಷದ ಕೊನೆಯ ದಾಖಲೆ ಏಪ್ರಿಲ್ ಮೊದಲ ವಾರದ್ದು.